ಸೀಸನ್ನಿಗೂ ಮುಂಚಿನ ಸೀಸನ್

ಮುಂಬಯಿ ವಿಶ್ವವಿದ್ಯಾಲಯದ ಅಂತರ್‌ಕಾಲೇಜು ಫುಟ್ಬಾಲು ಮಳೆಗಾಲದ ಆಟ. ಕ್ರಿಕೆಟ್ಟಿನವರು ಕಿಟ್ ಬ್ಯಾಗು ಅಟ್ಟಕ್ಕೆ ಹಾಕಿದ ಮೇಲೆ, ಮೈದಾನವೆಲ್ಲ ಕೆಸರಾದ ಮೇಲೆ, ನಮ್ಮ ಸರದಿ. ಪಂದ್ಯ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ. ಅದರ ಮಾತು ಮಾತ್ರ ಜೂನ್ ಹುಟ್ಟುವಾಗಲೇ ಶುರು. ಈ ಸಲ ಗೋಲಿ ಯಾರು, ಹೋದ ವರ್ಷದ ಸ್ಟ್ರೈಕರ್ ಪಾಸಾದನೋ ಇಲ್ಲವೋ, ಹನ್ನೆರಡನೇ ಕ್ಲಾಸು ಮುಗಿಸಿ ಬರುವವರಲ್ಲಿ ಕಾಲಾಡಿಸುವವರು ಯಾರಾದರೂ ಇದ್ದಾರೋ, ಯಾರಿಗೆ ಬೈಕು ಬಂತು, ಯಾರಿಗೆ ಹುಡುಗಿ ಸಿಕ್ಕಳು, ಇನ್ನು ಯಾರು ಪ್ರಾಕ್ಟೀಸಿಗೆ ಬರುವುದಿಲ್ಲ. ಪಂದ್ಯಾವಳಿ ನಾಕ್‌ಔಟ್. ಸೋತರೆ ಅಲ್ಲಿಗೆ ಸಮಾಪ್ತಿ. ಎರಡು ತಿಂಗಳು ಮಾತಾಡಿ, ಒಂದು ಮಧ್ಯಾಹ್ನ ಆಡಿ, ಸಂಜೆಯ ಬಸ್ಸಿಗೆ ಮನೆಗೆ ಬಂದ ತಂಡಗಳೇ ಜಾಸ್ತಿ. ಹಾಗಾಗಿ ನನ್ನಂಥ ಸಾಧಾರಣ ಆಟಗಾರನಿಗೆ ಕಾಲೇಜು ಫುಟ್ಬಾಲು ಎಂದರೆ ಆಡಿದ ಪಂದ್ಯಗಳಿಗಿಂತ ಮುಂಚೆ ಆ ವಾರಗಳೇ ನೆನಪಿಗೆ ಬರುತ್ತವೆ. ಅದರಲ್ಲೂ 1998ರ ಜೂನ್, ಜುಲೈ.

ನಾನಾಗ ಎಸ್.ವೈ., ಅಂದರೆ ಎರಡನೇ ವರ್ಷದ ಬಿ.ಕಾಂ. ಕಾಲೇಜು ವಾಶಿಯಲ್ಲಿ, ಮನೆ ಘಣಸೋಲಿಯಲ್ಲಿ. ಘಣಸೋಲಿಗೆ ಆಗ ರೈಲಿರಲಿಲ್ಲ. ಥಾಣೆ–ವಾಶಿ ಲೈನಿನಲ್ಲಿ ಪ್ಯಾಸೆಂಜರ್ ಗಾಡಿ ಓಡಿದ್ದು 2004ರ ನವೆಂಬರಿನಲ್ಲಿ. ಥಾಣೆ–ಬೇಲಾಪುರ ರಸ್ತೆಯಲ್ಲಿ ಬಸ್ಸಿಳಿದು, ಲಾರಿಗಳ ನಡುವೆ ರಸ್ತೆ ದಾಟಿ ಒಳಗೆ ನಡೆಯಬೇಕು. ರಸ್ತೆಯ ಪೂರ್ವಕ್ಕೆ ಎಂಐಡಿಸಿ ಕೈಗಾರಿಕಾ ಪ್ರದೇಶ, ಕೆಮಿಕಲ್ ಕಂಪನಿಗಳು, ಸಂಜೆಗೆ ಗಾಳಿ ತಿರುಗಿದರೆ ಗಂಟಲು ಕೆರೆಯುವ ವಾಸನೆ. ಅಪ್ಪ ಅಲ್ಲಿನ ಒಂದು ಕಂಪನಿಯಲ್ಲಿ ಮೂರು ಪಾಳಿಯ ಕೆಲಸ. ಪಶ್ಚಿಮಕ್ಕೆ ಹಳೆಯ ಗಾವಠಾಣ್, ಆಗ್ರಿ–ಕೋಳಿ ಜನರ ಒತ್ತೊತ್ತು ಮನೆಗಳು, ಅಂಗಳದಲ್ಲಿ ಒಣಗಿದ ಮೀನು. ಅದರಾಚೆ ನವಿ ಮುಂಬಯಿ ಕಟ್ಟಿದ ಸಿಡ್ಕೋದವರು ಮೊರಮ್ಮು ಸುರಿದು ಎತ್ತರಿಸಿ, ನಂಬರು ಬರೆದ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಪ್ಲಾಟುಗಳು. ಅದಕ್ಕೂ ಆಚೆ ಕಾಂಡ್ಲಾ ಗಿಡಗಳು, ಖಾಡಿ.

ಆ ಪ್ಲಾಟುಗಳೇ ನಮ್ಮ ಗ್ರೌಂಡು. ಕಾಲೇಜಿನ ಮೈದಾನ ಚಿಕ್ಕದು, ಅರ್ಧಕ್ಕೆ ಜೂನಿಯರ್ ಕಾಲೇಜಿನ ಹುಡುಗರ ಸೈಕಲ್ ಸ್ಟ್ಯಾಂಡು. ಆದ್ದರಿಂದ ತಂಡದಲ್ಲಿ ಘಣಸೋಲಿ, ಕೋಪರಖೈರಣೆ, ರಬಾಳೆ ಕಡೆಯವರು ಹೆಚ್ಚಾದಾಗ ಬೆಳಗಿನ ಪ್ರಾಕ್ಟೀಸು ತಾನಾಗಿ ನಮ್ಮೂರಿಗೆ ಬಂತು. ಗೋಲು ಕಂಬಕ್ಕೆ ಕಟ್ಟಡದ ಕೆಲಸದ ಬಿದಿರು. ಸುಣ್ಣದಲ್ಲಿ ಗೆರೆ ಎಳೆದರೆ ಮರುದಿನಕ್ಕೆ ಇರುತ್ತಿರಲಿಲ್ಲ. ಜುಲೈ ಒಂದರಲ್ಲೇ ಎಂಟುನೂರು ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು. ಭರತದ ದಿನ ಖಾಡಿಯ ನೀರು ಗ್ರೌಂಡಿನ ಮೂಲೆಗೇ ಬರುತ್ತಿತ್ತು, ಅದರ ಜೊತೆ ಏಡಿಗಳೂ. ಕಾರ್ನರ್ ಹೊಡೆಯುವ ಮುಂಚೆ ಮೂಲೆಯ ಬಿಲಗಳಿಗೆ ಕಾಲಿನಿಂದ ಮಣ್ಣು ಮುಚ್ಚುವುದು ಒಂದು ಕೆಲಸ. ಮುಚ್ಚಿದ್ದು ಅರ್ಧ ಗಂಟೆಯಲ್ಲಿ ಮತ್ತೆ ತೆರೆದಿರುತ್ತಿತ್ತು.

ಕೆಸರಿನ ಫುಟ್ಬಾಲಿನ ಲೆಕ್ಕವೇ ಬೇರೆ. ನೆಲದ ಮೇಲೆ ಕೊಟ್ಟ ಪಾಸು ಗುಂಡಿಯ ನೀರಿಗೆ ಬಂದು ಅಲ್ಲೇ ಕೂರುತ್ತದೆ. ಹಿಂದೆ ಓಡಿ ಬಂದವನು ಮುಂದೆ ದಾಟಿ ಹೋಗಿರುತ್ತಾನೆ, ಚೆಂಡು ಅಲ್ಲೇ. ಎರಡನೇ ಅರ್ಧಕ್ಕೆ ಚೆಂಡು ನೀರು ಕುಡಿದು ಭಾರವಾಗಿ ಹೆಡ್ ಮಾಡಿದವನ ಕಣ್ಣಲ್ಲಿ ಕತ್ತಲೆ. ಟಾಸ್ ಗೆದ್ದರೆ ನೀರು ಯಾವ ಕಡೆ ಹರಿಯುತ್ತದೆ ಎಂದು ಮೊದಲು ನೋಡಬೇಕು. ತಗ್ಗಿನ ಕಡೆಯ ಗೋಲನ್ನು ಮೊದಲರ್ಧದಲ್ಲೇ ಕಾಯ್ದು ಮುಗಿಸಬೇಕು, ಎರಡನೇ ಅರ್ಧಕ್ಕೆ ಅದು ಕೊಳವಾಗಿರುತ್ತದೆ. ಇವೆಲ್ಲ ನಮಗೆ ಗೊತ್ತಿತ್ತು, ನಗರದ ಹುಲ್ಲಿನ ಮೈದಾನದ ಹುಡುಗರಿಗೆ ಗೊತ್ತಿಲ್ಲ ಎಂಬುದೇ ನಮ್ಮ ದೊಡ್ಡ ಭರವಸೆ. ಮುಂಬಯಿಯಲ್ಲಿ ಫುಟ್ಬಾಲ್ ಎಂದರೆ ಬಾಂದ್ರಾ, ಕೊಲಾಬಾ, ಮದನಪುರಾ. ಖಾಡಿಯ ಈಚೆಯವರನ್ನು ಯಾರೂ ಎಣಿಸುತ್ತಿರಲಿಲ್ಲ.

ತಂಡದ ಲೆಕ್ಕಾಚಾರವೆಲ್ಲ ಸ್ಪೋರ್ಟ್ಸ್ ಸರ್ ಹತ್ತಿರ ಇದ್ದ ಎರಡು ರೂಪಾಯಿಯ ಒಂದು ನೋಟುಬುಕ್ಕಿನಲ್ಲಿತ್ತು. ಸರ್ ಒಂದು ಕಾಲಕ್ಕೆ ಬ್ಯಾಂಕಿನ ತಂಡಕ್ಕೆ ಆಡಿದವರು, ಮಂಡಿ ಹೋದ ಮೇಲೆ ಸೀಟಿ ಹಿಡಿದವರು. ಪುಟದ ನಡುವೆ ಸ್ಕೇಲು ಇಟ್ಟು ಗೆರೆ ಎಳೆದು, ಎಡಕ್ಕೆ 'ಪಕ್ಕಾ', ಬಲಕ್ಕೆ 'ಬಘೂ' ಎಂದು ಬರೆದಿದ್ದರು. ಬಘೂ, ನೋಡೋಣ. ಹೆಸರುಗಳೆಲ್ಲ ಪೆನ್ಸಿಲ್ಲಿನಲ್ಲಿ. ಜೂನ್ ಮಧ್ಯದಲ್ಲಿ 'ಪಕ್ಕಾ' ಕಡೆ ನಾಲ್ಕೋ ಐದೋ ಹೆಸರು, ಅದರಲ್ಲಿ ನನ್ನದೂ ಒಂದು. ನಾನು ಅಷ್ಟು ಚೆನ್ನಾಗಿ ಆಡುತ್ತಿದ್ದೆ ಎಂದಲ್ಲ. ಎಲ್ಲ ವಿಷಯದಲ್ಲಿ ಪಾಸಾಗಿದ್ದೆ, ಫೀ ಕಟ್ಟಿದ್ದೆ, ಬೇರೆ ಕೆಲಸ ಇರಲಿಲ್ಲ. ರೈಟ್ ಬ್ಯಾಕ್ ಜಾಗಕ್ಕೆ ಇದಕ್ಕಿಂತ ಹೆಚ್ಚಿನ ಯೋಗ್ಯತೆಯನ್ನು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ.

ಆಟ ಬಲ್ಲವರೆಲ್ಲ 'ಬಘೂ' ಕಡೆ ಇದ್ದರು. ಗೋಲಿಯನ್ನು ತೆಗೆದುಕೊಳ್ಳಿ. ಕೈ ಉದ್ದ, ಧೈರ್ಯ ಬಹಳ, ಅಕೌಂಟ್ಸಿನಲ್ಲಿ ಮಾತ್ರ ಬಿದ್ದಿದ್ದ. ನಮ್ಮ ವಿಶ್ವವಿದ್ಯಾಲಯದಲ್ಲಿ ಕೆಲವು ವಿಷಯ ಹೋದರೂ ಎಟಿಕೆಟಿ ಪಡೆದು ಮುಂದಿನ ವರ್ಷಕ್ಕೆ ದಾಟಬಹುದು, ತಂಡದಲ್ಲೂ ಆಡಬಹುದು. ಎಟಿಕೆಟಿಯೂ ಸಿಗದೆ ಡ್ರಾಪ್ ಆದರೆ ಆ ವರ್ಷ ಅವನು ಕಾಲೇಜಿನವನೇ ಅಲ್ಲ. ಆಟಗಾರರಿಗೆ, ಎನ್‌ಸಿಸಿ, ಎನ್‌ಎಸ್‌ಎಸ್‌ನವರಿಗೆ ಹತ್ತು ಗ್ರೇಸ್ ಅಂಕದ ವ್ಯವಸ್ಥೆ ಇತ್ತು. ಆ ಹತ್ತರಲ್ಲಿ ನಮ್ಮ ಗೋಲಿ ದಾಟುತ್ತಾನೋ ಇಲ್ಲವೋ ಎಂಬುದು ಕ್ಯಾಂಟೀನಿನಲ್ಲಿ ನಡೆದ ಅತಿ ದೊಡ್ಡ ಚರ್ಚೆ. ಅಕೌಂಟ್ಸ್ ಪೇಪರ್ ಸಮೇತ ತಂದು ಪ್ರಶ್ನೆ ಪ್ರಶ್ನೆಗೂ ಅಂಕ ಹಾಕಿ ಕೂಡಿಸಿದ್ದೇವೆ. ಗೋಲಿ ಎದುರು ಕೂತು ಕಟಿಂಗ್ ಚಹಾ ಕುಡಿಯುತ್ತಾ, "ಆ ಲೆಕ್ಕದ ಬ್ಯಾಲೆನ್ಸ್ ಶೀಟು ಕೂಡಿ ಬಂದಿರಲಿಲ್ಲ, ಆದರೆ ಸ್ಟೆಪ್ಪಿಗೆ ಮಾರ್ಕ್ಸ್ ಕೊಡ್ತಾರಲ್ಲ" ಎನ್ನುತ್ತಿದ್ದ. ಅವನ ಕೈಗಿಂತ ಅವನ ಸ್ಟೆಪ್ಪುಗಳ ಮೇಲೆ ತಂಡದ ಭವಿಷ್ಯ ನಿಂತಿತ್ತು.

ಸೆಂಟರ್ ಬ್ಯಾಕ್ ಗಾವಠಾಣಿನ ಆಗ್ರಿ ಹುಡುಗ. ಆ ಊರುಗಳಲ್ಲಿ ಕಬಡ್ಡಿ ಎಂದರೆ ಜೀವ. ಕಬಡ್ಡಿಯವರಿಗೂ ಇವನೇ ಬೇಕು, ನಮಗೂ ಇವನೇ. ಕಬಡ್ಡಿಯಲ್ಲಿ ಊರು ನೋಡುತ್ತದೆ, ಮನೆಯವರು ನೋಡುತ್ತಾರೆ, ಗೆದ್ದರೆ ಹೆಗಲ ಮೇಲೆ ಹೊರುತ್ತಾರೆ. ಫುಟ್ಬಾಲಿನಲ್ಲಿ ಖಾಲಿ ಪ್ಲಾಟಿನ ಏಡಿಗಳು ನೋಡುತ್ತವೆ. ಅವನು ಎರಡೂ ಕಡೆ "ಹೋ ಹೋ, ಯೇತೋ", ಹ್ಞಾಂ ಹ್ಞಾಂ, ಬರ್ತೇನೆ, ಎಂದು ತಲೆ ಆಡಿಸುತ್ತಿದ್ದ.

ಲೆಫ್ಟ್ ವಿಂಗಿನಲ್ಲಿ ಓಡುತ್ತಿದ್ದವನು ತುರ್ಭೆಯ ಕಲ್ಲು ಕ್ವಾರಿಯ ಕಡೆಯವನು. ತಂದೆ ತಾಯಿ ಕಲಬುರಗಿ ಜಿಲ್ಲೆಯಿಂದ ಕಲ್ಲು ಒಡೆಯಲು ಬಂದವರು. ಅವನಷ್ಟು ವೇಗವಾಗಿ ಓಡುವವನನ್ನು ನಾನು ಕಾಲೇಜಿನಲ್ಲಿ ಬೇರೆ ನೋಡಲಿಲ್ಲ. ಆದರೆ ಬೂಟು ಹಾಕಿದರೆ ಆ ವೇಗ ಅರ್ಧ. ಧೋಬಿ ತಲಾವಿನಲ್ಲಿ ಕ್ರೀಡಾ ಸಾಮಾನಿನ ಅಂಗಡಿಗಳ ಸಾಲಿದೆ. ಸರ್ ಅವನನ್ನು ಅಲ್ಲಿಗೆ ಕರೆದೊಯ್ದು, ಕಾಲೇಜಿನ ಖರ್ಚಿನಲ್ಲಿ ರಬ್ಬರ್ ಸ್ಟಡ್ಸಿನ ಬೂಟು ಕೊಡಿಸಿದರು. ಮೊದಲ ದಿನವೇ ಹಿಮ್ಮಡಿಯಲ್ಲಿ ಒಳಗಿನ ಮೊಳೆ ಎದ್ದು ಕಾಲ್ಚೀಲ ಕೆಂಪಾಯಿತು. ಅವನು ಗದ್ದಲ ಮಾಡಲಿಲ್ಲ. ಬೂಟು ಬಿಚ್ಚಿ, ಒಳಗೆ ಕೈಹಾಕಿ ಹೆಬ್ಬೆರಳಿನಲ್ಲಿ ಮೊಳೆ ಎಲ್ಲಿದೆ ಎಂದು ತಡಕಿದ. ಪ್ಲಾಟಿನ ನಂಬರು ಕಲ್ಲಿನ ಅಂಚಿಗೆ ಬೂಟಿನ ಅಟ್ಟೆಯನ್ನು ಒತ್ತಿ ಹಿಡಿದು, ಇನ್ನೊಂದು ಕಲ್ಲಿನಿಂದ ಒಳಗಡೆ ಎರಡೇ ಏಟು. ಮೊಳೆ ಮಲಗಿತು. ಮೇಲೆ ಕಾಗದ ಮಡಚಿ ಇಟ್ಟು ಮತ್ತೆ ಹಾಕಿಕೊಂಡ. ಕಲ್ಲಿಗೆ ಎಲ್ಲಿ ಎಷ್ಟು ಪೆಟ್ಟು ಕೊಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಭಾನುವಾರ ಅವನು ಕ್ವಾರಿಯಲ್ಲಿ ಲಾರಿ ತುಂಬಬೇಕು, ಆ ದಿನ ಪಂದ್ಯ ಬಿದ್ದರೆ ಬರುವುದಿಲ್ಲ. ಅದಕ್ಕೇ 'ಬಘೂ'.

ಇನ್ನು ಸ್ಟ್ರೈಕರ್. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಹುಡುಗ. ಮಾವನ ಹೋಟೆಲು ಕೋಪರಖೈರಣೆಯಲ್ಲಿ, ಸಂಜೆ ಗಲ್ಲಾದಲ್ಲಿ ಕೂರುವ ಕೆಲಸ, ಹಗಲು ಕಾಲೇಜು ಎಂಬ ಒಪ್ಪಂದದ ಮೇಲೆ ಬಂದಿದ್ದ. ಹೋಟೆಲಿನಲ್ಲಿ ದುಡಿಯುತ್ತಾ ಓದುವುದು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ತುಂಬಿದ್ದೇ ಅಂಥ ಹುಡುಗರಿಂದ. ಈ ಹುಡುಗ ಊರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್ ಆಡಿ ಬೆಳೆದವನು. ಏಳೇಳು ಜನರ ಆಟದಲ್ಲಿ ಜಾಗ ಕಡಿಮೆ, ಯೋಚಿಸಲು ಸಮಯ ಇನ್ನೂ ಕಡಿಮೆ. ಚೆಂಡು ಕಾಲಿಗೆ ಬರುವ ಮುಂಚೆಯೇ ಎತ್ತ ತಿರುಗಬೇಕೆಂದು ಅವನಿಗೆ ಗೊತ್ತಿರುತ್ತಿತ್ತು. ಮೊದಲ ದಿನ ಸುಮ್ಮನೆ ನೋಡಲು ಬಂದು, ಲುಂಗಿ ಎತ್ತಿಕಟ್ಟಿ, ನಮ್ಮ ಆಗ್ರಿ ಸೆಂಟರ್ ಬ್ಯಾಕನ್ನು ಎರಡು ಸಲ ಕೂರಿಸಿದ. ಸರ್ ನೋಟುಬುಕ್ಕು ತೆರೆದರು. "ಅಡ್ಮಿಷನ್ ಆಗಿದೆಯಾ?" ಎಂದರು. ಅಲ್ಲೇ ಇದ್ದದ್ದು ಕತೆ.

ಅವನು ಓದಿದ್ದು ಕೇರಳದ ಪ್ರೀ–ಡಿಗ್ರಿ. ಬೇರೆ ರಾಜ್ಯದಿಂದ ಬಂದವನಿಗೆ ಇಲ್ಲಿ ಎಲಿಜಿಬಿಲಿಟಿ ಆಗಬೇಕು, ಅದಕ್ಕೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಅದು ಊರಿಂದ ಬರಬೇಕು. ತಂಡದ ಫಾರ್ಮಿನ ಮೇಲೆ ಫೋಟೋ, ಪ್ರಿನ್ಸಿಪಾಲರ ಸಹಿ, ಕಾಲೇಜಿನ ಮೊಹರು ಇಲ್ಲದೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ. ಎದುರು ತಂಡದವರಿಗೆ ಮೊದಲು ಬೇಕಾದದ್ದೇ ಆ ಫಾರ್ಮು. ಆಟದಲ್ಲಿ ಸೋತವರು ಕಾಗದದಲ್ಲಿ ಗೆಲ್ಲಲು ನೋಡುತ್ತಾರೆ. ಸರ್ ಅವನ ಹೆಸರನ್ನು 'ಬಘೂ' ಕಡೆ ಬರೆದು, ಪಕ್ಕದಲ್ಲಿ ಸಣ್ಣದಾಗಿ ಒಂದು ಚೆಂಡಿನ ಚಿತ್ರ ಬಿಡಿಸಿದರು. ಬೇರೆ ಯಾರ ಹೆಸರಿನ ಪಕ್ಕದಲ್ಲೂ ಚೆಂಡು ಇರಲಿಲ್ಲ.

ಆ ಜೂನ್ 10ರಿಂದ ಫ್ರಾನ್ಸಿನಲ್ಲಿ ವರ್ಲ್ಡ್ ಕಪ್. ರಾತ್ರಿ ಹನ್ನೆರಡೂವರೆಗೆ ಶುರುವಾಗುವ ಪಂದ್ಯ ನೋಡಿ, ಎರಡೂವರೆಗೆ ಮಲಗಿ, ಆರಕ್ಕೆ ಪ್ಲಾಟಿಗೆ ಬರುವುದು. ನೋಡಿದ್ದನ್ನೆಲ್ಲ ಬೆಳಗ್ಗೆ ಮಾಡಿ ನೋಡುವ ಚಪಲ. ಕ್ರೊಯೇಷಿಯಾ ಜರ್ಮನಿಗೆ ಮೂರು ಗೋಲು ಹಾಕಿ ಕಳಿಸಿದ ಮರುದಿನ ಕ್ಯಾಪ್ಟನ್ನು ಕಾಗದದಲ್ಲಿ ಚುಕ್ಕೆ ಇಟ್ಟುಕೊಂಡು ಬಂದ. ಅವರ ಹಾಗೆ ಮೂರು ಬ್ಯಾಕು, ಐದು ಮಿಡ್‌ಫೀಲ್ಡು, ಎರಡು ಫಾರ್ವರ್ಡು. ಸರ್ ಕಾಗದವನ್ನು ಬಹಳ ಹೊತ್ತು ನೋಡಿದರು. "ಸಿಸ್ಟಮ್ ಒಳ್ಳೆಯದು. ಮೊದಲು ಹನ್ನೊಂದು ಜನ ಬರಲಿ" ಎಂದರು.

ಫೈನಲ್ಲು ಜುಲೈ 12ರ ಭಾನುವಾರ, ನಮಗೆ ಸೋಮವಾರ ಹುಟ್ಟಿದ ಮೇಲೆ. ತಂಡದ ಮುಕ್ಕಾಲು ಪಾಲು ಬ್ರೆಜಿಲ್ ಕಡೆ, ಅದೂ ರೊನಾಲ್ಡೊ ಕಡೆ. ಫ್ರಾನ್ಸ್ ಮೂರು ಹಾಕಿತು. ಬೆಳಗ್ಗೆ ಪ್ರಾಕ್ಟೀಸಿಗೆ ಬಂದವರ ಮುಖ ನೋಡುವ ಹಾಗಿರಲಿಲ್ಲ. ಸರ್ ಮಾತ್ರ ಬಹಳ ಗೆಲುವಾಗಿದ್ದರು. "ತಿಂಗಳಿಡೀ ಪಾಸು ಪಾಸು ಅಂದಿರಿ. ಝಿದಾನ್ ಎರಡು ಗೋಲು ಹೊಡೆದದ್ದು ಯಾವುದರಿಂದ?" ಎರಡೂ ಕಾರ್ನರ್ರಿನಿಂದ, ಎರಡೂ ತಲೆಯಿಂದ. "ಅದು ಹುಲ್ಲಿನ ಮೈದಾನ. ನಮ್ಮದು ಕೆಸರು. ನಮಗೆ ಕಾರ್ನರ್ ಬಿಟ್ಟು ಇನ್ನೇನಿದೆ?" ಅವತ್ತಿನಿಂದ ಬರೀ ಕಾರ್ನರ್. ಏಡಿಯ ಬಿಲದ ಮೂಲೆಯಿಂದ ಕ್ವಾರಿಯ ಹುಡುಗ ಹೊಡೆಯುವುದು, ಮಂಜೇಶ್ವರದವನು ಹತ್ತಿರದ ಕಂಬದ ಕಡೆ ಸುಳ್ಳೇ ಓಡುವುದು, ಆಗ್ರಿ ಹುಡುಗ ಹಿಂದಿನಿಂದ ಬಂದು ಹಣೆ ಕೊಡುವುದು. "ಹೊಡಿಲೇ ಈಗ!" ಎಂದು ಒಬ್ಬ, "ಬಿಡು ಮಾರಾಯ, ಬಿಡು!" ಎಂದು ಇನ್ನೊಬ್ಬ. ಕಲಬುರಗಿಯದೂ ಮಂಜೇಶ್ವರದ್ದೂ ಎದುರು ತಂಡದ ಯಾರಿಗೂ ಅರ್ಥವಾಗುವುದಿಲ್ಲ ಎಂಬುದನ್ನೂ ನಮ್ಮ ಬಲದ ಪಟ್ಟಿಗೆ ಸೇರಿಸಿದ್ದೆವು. ಅವರಿಬ್ಬರಿಗೆ ಪರಸ್ಪರ ಎಷ್ಟು ಅರ್ಥವಾಗುತ್ತಿತ್ತು ಎಂಬುದು ಬೇರೆ ಮಾತು.

ಮನೆಯಲ್ಲಿ ಈ ಯಾವ ಲೆಕ್ಕಕ್ಕೂ ಬೆಲೆ ಇರಲಿಲ್ಲ, ದೊಡ್ಡಮಾವ ಒಬ್ಬರನ್ನು ಬಿಟ್ಟು. ಅಮ್ಮನ ದೊಡ್ಡಣ್ಣ ಅವರು. ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದವರು. ಕೆಲಸ ಬಿಟ್ಟ ಮೇಲೆ ಕೂಪರೇಜ್ ಮೈದಾನ ನಡೆದೇ ಹೋಗುವ ದೂರ. ರೋವರ್ಸ್ ಕಪ್ಪಿನ ಅಗ್ಗದ ಟಿಕೆಟ್ಟು ಅವರ ಒಂದೇ ಚಟ. ಘಣಸೋಲಿಗೆ ಬಂದಾಗಲೆಲ್ಲ ಮೂಕಾಂಬಿಕೆಯ ಗುಡಿಗೆ ಹೋಗಿ ಕೈಮುಗಿದು, ಆಮೇಲೆ ನಮ್ಮ ಪ್ಲಾಟಿನ ಬದಿಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು. ಅವರಿಗೆ ನಮ್ಮ ತಂಡಕ್ಕಿಂತ ಅವರು ಹುಟ್ಟುವ ಮುಂಚಿನ ತಂಡಗಳ ಮೇಲೆ ಪ್ರೀತಿ. 1891ರಿಂದ ರೋವರ್ಸ್ ಕಪ್ಪು ಬ್ರಿಟಿಷ್ ಪಲ್ಟಣಗಳ ಕೈ ಬಿಟ್ಟು ಹೋಗಿರಲಿಲ್ಲ. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ. "ಕಲ್ಕತ್ತದವರಲ್ಲ, ಗೋವಾದವರಲ್ಲ, ನಮ್ಮ ಬೆಂಗಳೂರಿನವರು" ಎಂದು ಕೊಡೆಯ ತುದಿಯನ್ನು ನೆಲಕ್ಕೆ ಕುಟ್ಟುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಫ್ರಾನ್ಸಿನ ಎದುರು ಆ ಪಂದ್ಯದಲ್ಲಿ ನಮ್ಮವರಿಗೆ ಎರಡು ಪೆನಾಲ್ಟಿ ಸಿಕ್ಕಿ ಎರಡೂ ಹೋದವು, 1–2ರಲ್ಲಿ ಸೋತೆವು. ಐವತ್ತು ವರ್ಷದ ಹಿಂದಿನ ಆ ಪೆನಾಲ್ಟಿಗಳನ್ನು ದೊಡ್ಡಮಾವ ನಿನ್ನೆ ಹೋದವು ಎಂಬಂತೆ ಹೇಳುತ್ತಿದ್ದರು. 1956ರ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು, ಆಸ್ಟ್ರೇಲಿಯಾಕ್ಕೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಮುಂಬಯಿಗೆ ಆಡಿದವರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1967–68, 1968–69ರಲ್ಲಿ ಸಾಲಾಗಿ ಗೆದ್ದದ್ದು ಅವರ ಯೌವನದ ಕತೆ.

ಇಷ್ಟೆಲ್ಲ ಹೇಳಿ ಕೊನೆಗೆ ಕೇಳುತ್ತಿದ್ದದ್ದು ಒಂದೇ: "ಆಡಿದ್ರೆ ಕೆಲಸ ಸಿಗ್ತದಾ ಈಗ?" ಅವರ ಕಾಲದಲ್ಲಿ ಸಿಗುತ್ತಿತ್ತು. ರೈಲ್ವೆ, ಬ್ಯಾಂಕು, ಏರ್ ಇಂಡಿಯಾ, ಚೆಂಬೂರಿನ ಆರ್‌ಸಿಎಫ್, ಟಾಟಾದವರು, ಎಲ್ಲರಿಗೂ ತಂಡಗಳಿದ್ದವು. ಕಾಲೇಜಿನಲ್ಲಿ ಕಣ್ಣಿಗೆ ಬಿದ್ದ ಹುಡುಗನಿಗೆ ಗುಮಾಸ್ತಿಕೆ ಖಚಿತ. 1998ಕ್ಕೆ ಆ ಬಾಗಿಲು ಅರ್ಧ ಮುಚ್ಚಿತ್ತು. ಆದರೂ ನಮ್ಮ ಗೋಲಿ ಮತ್ತು ಕ್ವಾರಿಯ ಹುಡುಗ ಇಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಅದನ್ನೇ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕಾದರೆ ಆಯ್ಕೆ ಮಾಡುವವರ ಕಣ್ಣಿಗೆ ಬೀಳಬೇಕು, ಬೀಳಬೇಕಾದರೆ ಎರಡು ಮೂರು ಸುತ್ತು ದಾಟಬೇಕು. ಒಂದೇ ಪಂದ್ಯದಲ್ಲಿ, ಅದೂ ಮಳೆಯಲ್ಲಿ, ಹೆಸರು ಗೊತ್ತಿಲ್ಲದ ಕಾಲೇಜಿನ ಲೆಫ್ಟ್ ವಿಂಗನ್ನು ಯಾರು ಗುರುತಿಸುತ್ತಾರೆ? ನಾಕ್‌ಔಟ್ ಪಂದ್ಯಾವಳಿ ಸಂಘಟಕರಿಗೆ ಅನುಕೂಲ, ಖರ್ಚು ಕಡಿಮೆ, ಪರೀಕ್ಷೆಯ ಮುಂಚೆ ಮುಗಿಯುತ್ತದೆ. ಬಡ ಹುಡುಗನ ಪಾಲಿಗೆ ಅದು ಲಾಟರಿ. ನನಗೆ ಆಗ ಇದು ತಿಳಿದಿರಲಿಲ್ಲ, ಅವರಿಬ್ಬರಿಗೆ ತಿಳಿದಿತ್ತು. ಟೈಬ್ರೇಕರಿಗೆಂದು ಪೆನಾಲ್ಟಿ ಅಭ್ಯಾಸಕ್ಕೆ ಎಲ್ಲರಿಗಿಂತ ಕೊನೆಗೆ ಗ್ರೌಂಡು ಬಿಡುತ್ತಿದ್ದವರು ಅವರೇ.

ಗೋಲಿಯ ರಿಸಲ್ಟ್ ಬಂತು. ಗ್ರೇಸ್ ಅಂಕದಲ್ಲಿ ದಾಟಿದ. ಸರ್ ರಬ್ಬರಿನಿಂದ ಬಲಗಡೆ ಒರೆಸಿ ಎಡಗಡೆ ಬರೆದರು. ಮೈಗ್ರೇಷನ್ ಸರ್ಟಿಫಿಕೇಟ್ ಮಾತ್ರ ಬರಲಿಲ್ಲ. ಪತ್ರ ಬರೆದದ್ದಾಯಿತು, ಎಸ್‌ಟಿಡಿ ಬೂತಿನಿಂದ ಊರಿನ ಪಕ್ಕದ ಅಂಗಡಿಗೆ ಫೋನು ಮಾಡಿ ಹೇಳಿದ್ದಾಯಿತು. ಕೊನೆಗೆ ಹುಡುಗನೇ ಹೊರಟ. ಆ ವರ್ಷ ಜನವರಿ 26ಕ್ಕೆ ಕೊಂಕಣ ರೈಲ್ವೆ ಪೂರ್ತಿ ತೆರೆದಿತ್ತು, ಮಂಗಳೂರಿಗೆ ಮತ್ಸ್ಯಗಂಧ ಆಗತಾನೆ ಓಡಲು ಶುರು ಮಾಡಿತ್ತು. ಅದಕ್ಕಿಂತ ಮುಂಚೆ ಊರಿಗೆ ಹೋಗುವುದೆಂದರೆ ರಾತ್ರಿ ಹಗಲು ಬಸ್ಸಿನಲ್ಲಿ ಮೈ ಹಣ್ಣಾಗುವ ಕೆಲಸ. ಮಳೆಗಾಲದ ನಡುವೆ ಒಂದು ಕಾಗದಕ್ಕಾಗಿ ಹೋಗಿ ಬರುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಥಾಣೆ ಸ್ಟೇಷನ್ನಿಗೆ ತಂಡದ ಅರ್ಧ ಜನ ಕಳಿಸಲು ಹೋಗಿದ್ದೆವು. ಅವನ ಮಾವ ಹೋಟೆಲಿನಿಂದ ಪುಲಾವಿನ ಪೊಟ್ಟಣ ಕಟ್ಟಿಸಿ ತಂದಿದ್ದರು. "ಇವನು ಗಲ್ಲಾದಲ್ಲಿ ಕೂರ್ತಾನೆ ಅಂತ ಕರೆಸಿದ್ದು ನಾನು. ಈಗ ಇವನ ಚೆಂಡಿಗೆ ನಾನು ಟಿಕೆಟ್ ತೆಗೆದುಕೊಡುದು ನೋಡಿ" ಎಂದು ಸರ್ ಹತ್ತಿರ ದೂರಿದರು. ಹೇಳುವಾಗ ನಗುತ್ತಿದ್ದರು. ಟಿಕೆಟ್ಟು ಎರಡೂ ಕಡೆಯದು ತೆಗೆದಿದ್ದರು.

ಹುಡುಗ ಸರ್ಟಿಫಿಕೇಟ್ ಹಿಡಿದು ಬರುವ ಹೊತ್ತಿಗೆ ಫಾರ್ಮು ಕೊಡುವ ಕೊನೆಯ ದಿನ ಹತ್ತಿರವಾಗಿತ್ತು. ಸರ್ ಆಫೀಸಿನ ಕಟಕಟೆಯ ಎದುರು ಕೂತು, ಚಹಾ ತರಿಸಿ, ಮೊಹರು ಬೀಳುವವರೆಗೆ ಎದ್ದೇಳಲಿಲ್ಲ. ಅವತ್ತು ಸಂಜೆ ನೋಟುಬುಕ್ಕಿನ ಬಲಗಡೆ ಉಳಿದದ್ದು ಕ್ವಾರಿಯವನ ಹೆಸರೊಂದೇ, ಭಾನುವಾರದ ಕಾರಣಕ್ಕೆ. ಕ್ಯಾಂಟೀನಿನಲ್ಲಿ ಕೂತು ನಾವು ಸೆಮಿಫೈನಲ್ಲಿನಲ್ಲಿ ಯಾರು ಸಿಗಬಹುದು ಎಂದು ಮಾತಾಡಿದೆವು. ಆ ರಾತ್ರಿಯಷ್ಟು ಒಳ್ಳೆಯ ಫುಟ್ಬಾಲ್ ತಂಡ ನಮ್ಮ ಕಾಲೇಜಿಗೆ ಮುಂಚೆಯೂ ಇರಲಿಲ್ಲ, ಆಮೇಲೂ ಬಂದ ಹಾಗಿಲ್ಲ.

ಸೀಸನ್ನಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೊದಲ ಪಂದ್ಯ ಡೊಂಬಿವಲಿ ಕಡೆಯ ಕಾಲೇಜಿನ ಎದುರು, 2–1ರಲ್ಲಿ ಗೆದ್ದೆವು; ಒಂದು ಗೋಲು ಕಾರ್ನರ್ರಿನಿಂದಲೇ, ಹೇಳಿ ಬರೆಸಿದ ಹಾಗೆ. ಎರಡನೆಯದು ಬಾಂದ್ರಾದ ಕಾಲೇಜಿನ ಎದುರು. ಮಳೆ ಎರಡು ದಿನದಿಂದ ಬಿಟ್ಟಿತ್ತು, ಮೈದಾನ ಒಣಗಿತ್ತು, ಅವರ ಪಾಸುಗಳು ಎಲ್ಲೂ ನಿಲ್ಲಲಿಲ್ಲ. ಮೂರು ಗೋಲು. ಹಿಂತಿರುಗುವಾಗ ವಾಶಿ ಸೇತುವೆಯ ಮೇಲೆ ರೈಲು ಬರುವಾಗ ಮಳೆ ಶುರುವಾಯಿತು. ಗೋಲಿ ಆಕಾಶಕ್ಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮುಂದೆ ಮಂಜೇಶ್ವರದವನು ಹೋಟೆಲನ್ನೇ ವಹಿಸಿಕೊಂಡ, ಈಗ ಅವನದು ಎರಡಿವೆ. ಗೋಲಿ ವಿಮೆ ಮಾರುತ್ತಾನೆ. ಕ್ವಾರಿಯ ಹುಡುಗ ಟಿ.ವೈ.ಗೆ, ಮೂರನೇ ವರ್ಷಕ್ಕೆ, ಬರಲಿಲ್ಲ.

ಈಗ ಘಣಸೋಲಿಯ ಹೆಸರು ಫುಟ್ಬಾಲಿನವರಿಗೆ ಗೊತ್ತು. ಥಾಣೆ–ಬೇಲಾಪುರ ರಸ್ತೆಯ ಬದಿಯ ರಿಲಯನ್ಸ್ ಕಾರ್ಪೊರೇಟ್ ಪಾರ್ಕಿನ ಒಳಗೆ ಹುಲ್ಲಿನ ಮೈದಾನಗಳಿವೆ. 2015ರಲ್ಲಿ ಶುರುವಾದ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ಅಕಾಡೆಮಿಯ ಹುಡುಗರು ಅಲ್ಲೇ ಉಳಿದು, ಓದಿ, ಆಡುತ್ತಾರೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲೇ ದೇಶದ ಮೂಲೆ ಮೂಲೆಯಿಂದ ಆರಿಸಿ ತಂದವರು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಕಿರಿಯ ತಂಡಗಳು ಇದೇ ಘಣಸೋಲಿಗೆ ಬಂದು ಆಡಿ ಹೋಗಿವೆ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಹುಡುಗರು ಘಣಸೋಲಿಯಲ್ಲಿ! 1998ರಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಕ್ಯಾಂಟೀನಿನಲ್ಲಿ ಅವನಿಂದಲೇ ಚಹಾ ದುಡ್ಡು ವಸೂಲಿ ಮಾಡುತ್ತಿದ್ದೆವು. ನೆರುಳಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ 2017ರ ಹದಿನೇಳರ ಕೆಳಗಿನವರ ವರ್ಲ್ಡ್ ಕಪ್ಪಿನ ಸೆಮಿಫೈನಲ್, ಸ್ಪೇನ್–ಮಾಲಿ, ಆಯಿತು. ನಾನೂ ಹೋಗಿದ್ದೆ.

ಅಕಾಡೆಮಿಯ ಬಗ್ಗೆ ನನಗೆ ತಕರಾರಿಲ್ಲ. ಅವರು ಒಂದು ವಿಷಯ ಸರಿಯಾಗಿ ಹಿಡಿದಿದ್ದಾರೆ: ಹುಡುಗ ಬೆಳೆಯುವುದು ಪಂದ್ಯ ಆಡಿ. 2022ರ ಬೇಸಿಗೆಯಲ್ಲಿ ಗೋವಾದಲ್ಲಿ ನಡೆದ, ಅದೇ ಫೌಂಡೇಶನ್ನಿನ ಮೊದಲ ಡೆವಲಪ್‌ಮೆಂಟ್ ಲೀಗಿನಲ್ಲಿ ಎಂಟು ತಂಡ. ಸೋತರೂ ಗೆದ್ದರೂ ಪ್ರತಿ ತಂಡಕ್ಕೆ ಏಳು ಪಂದ್ಯ ಸಿಕ್ಕವು. ಗೆದ್ದದ್ದು ಬೆಂಗಳೂರು ಎಫ್‌ಸಿಯ ಹುಡುಗರು. ಮರುವರ್ಷ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಲ್ಲಿ ಸೋಲಿಸಿ, ದೊಡ್ಡಮಾವನ ಕಾಲದ ನಂತರ 54 ವರ್ಷಕ್ಕೆ ಸಂತೋಷ್ ಟ್ರೋಫಿ ತಂದಿತು. ಅದನ್ನು ನೋಡಲು ಅವರಿರಲಿಲ್ಲ. ಇದ್ದಿದ್ದರೂ ಆ ಎರಡು ಪೆನಾಲ್ಟಿಯ ಮಾತೇ ಆಡುತ್ತಿದ್ದರು.

ಕಾಲೇಜಿನ ಮಟ್ಟಿಗೆ ಬಂದರೆ ಹೆಚ್ಚಿನದು ಇದ್ದಲ್ಲೇ ಇದೆ. 2016ರಿಂದ ರಿಲಯನ್ಸ್ ಫೌಂಡೇಶನ್ನಿನವರು ಕಾಲೇಜುಗಳಿಗೂ ಒಂದು ಪಂದ್ಯಾವಳಿ ನಡೆಸಿದರು, ಒಳ್ಳೆಯದೇ. ಆದರೆ ನನ್ನ ತಂಗಿಯ ಮಗ ಈಗ ನವಿ ಮುಂಬಯಿಯ ಕಾಲೇಜೊಂದರಲ್ಲಿ ಎಸ್.ವೈ. ಓದುತ್ತಾನೆ, ಸ್ಟಾಪರ್ ಬ್ಯಾಕ್ ಆಡುತ್ತಾನೆ. ಜೂನ್ ಬಂದರೆ ಅವನ ಫೋನಿನಲ್ಲಿ ತಂಡದ ಗ್ರೂಪು ಗುಂಯ್ಗುಡುತ್ತದೆ. ಯಾರಿಗೆ ಎಟಿಕೆಟಿ, ಯಾರು ಥರ್ಡ್ ಲಿಸ್ಟಿನಲ್ಲಿ ಬೇರೆ ಕಾಲೇಜಿಗೆ ಹೋದ, ಹೊಸ ಗೋಲಿ ರಾತ್ರಿ ಡೆಲಿವರಿ ಕೆಲಸ ಮಾಡುತ್ತಾನಂತೆ, ಬೆಳಗ್ಗೆ ಏಳುತ್ತಾನೋ. ಹೋದ ವರ್ಷ ಅವರು ಮೊದಲ ಸುತ್ತಿನಲ್ಲೇ ಟೈಬ್ರೇಕರಿನಲ್ಲಿ ಹೊರಬಿದ್ದರು. ವರ್ಷಕ್ಕೆ ಒಂದು ಪಂದ್ಯ.

ಈ ಸಲ ನಾನು ಸುಮ್ಮನಿರಲಾರದೆ ಅವನ ಕಾಲೇಜಿನ ಸ್ಪೋರ್ಟ್ಸ್ ಸರ್ ಹತ್ತಿರ ಹೋಗಿ ಹೇಳಿದೆ: ವಾಶಿಯಿಂದ ಐರೋಲಿವರೆಗೆ ಇಷ್ಟು ಕಾಲೇಜುಗಳಿವೆ, ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಮುಂಚೆ ಆರು ಕಾಲೇಜು ಸೇರಿ ನಿಮ್ಮೊಳಗೇ ಲೀಗ್ ಆಡಿಕೊಳ್ಳಿ, ಶನಿವಾರಕ್ಕೊಂದು, ಎಲ್ಲರಿಗೂ ಐದು ಪಂದ್ಯ ಸಿಗುತ್ತದೆ. ಸರ್ ನನಗಿಂತ ಹದಿನೈದು ವರ್ಷ ಚಿಕ್ಕವರು, ಉತ್ಸಾಹದ ಮನುಷ್ಯ. "ಆಡಬಹುದು ಸರ್, ಗ್ರೌಂಡು ಎಲ್ಲಿದೆ?" ಎಂದರು. ಟರ್ಫುಗಳಿವೆ, ಗಂಟೆಗೆ ಸಾವಿರ ಸಾವಿರ ಕೇಳುತ್ತಾರೆ, ಅದೂ ಐದೈದು ಜನ ಆಡುವ ಪಂಜರ. ನಾವು ಆಡುತ್ತಿದ್ದ ಪ್ಲಾಟುಗಳ ಮೇಲೆ ಹದಿನಾಲ್ಕು ಮಾಳಿಗೆ ಎದ್ದಿವೆ; ಖಾಡಿಯ ಬದಿಗೆ ಪಾಮ್ ಬೀಚ್ ರಸ್ತೆ ಬಂದು ನಿಂತಿದೆ. ಪಾಲಿಕೆಯ ಮೈದಾನ ಕೇಳಬೇಕು, ಅರ್ಜಿ ಕೊಡಬೇಕು, ಆರು ಪ್ರಿನ್ಸಿಪಾಲರ ಸಹಿ ಬೇಕು.

ಮೂವರದು ಆಗಿದೆ. ನಾಲ್ಕನೆಯವರು ಅಡ್ಮಿಷನ್ ಗಲಾಟೆ ಮುಗಿಯಲಿ, ಆಮೇಲೆ ಬನ್ನಿ ಎಂದಿದ್ದಾರೆ. ಅಳಿಯನಿಗೆ ಇದರಲ್ಲಿ ನಂಬಿಕೆ ಕಡಿಮೆ. "ಮಾವ, ಲೀಗ್ ಆಗ್ತದೋ ಬಿಡ್ತದೋ, ನಮಗೊಬ್ಬ ಲೆಫ್ಟ್ ಬ್ಯಾಕ್ ಬೇಕು. ನಿಮ್ಮ ಬಿಲ್ಡಿಂಗಿನ ಆರನೇ ಮಾಳಿಗೆಯ ಹುಡುಗ ಎಡಗಾಲಲ್ಲಿ ಹೊಡೀತಾನೆ. ಅವನಿಗೆ ಯಾವ ಕಾಲೇಜು ಸಿಕ್ತು ಅಂತ ಸ್ವಲ್ಪ ಕೇಳಿ ಹೇಳಿ" ಎನ್ನುತ್ತಾನೆ. ಕೇಳಿದ್ದೇನೆ. ಸೆಕೆಂಡ್ ಲಿಸ್ಟು ಶುಕ್ರವಾರ.